ರೆಸಾರ್ಟ್ ಟ್ರೈನಿಂಗ್, ಗುಂಪು ಇನ್ಸೆಂಟಿವ್, ಬೆಳಗಿನ ಹತ್ತು ನಿಮಿಷ: ನಮ್ಮ ಕಾಫಿ ಪುಡಿ ಅಂಗಡಿಯಲ್ಲಿ ಯಾವುದು ನಡೆಯಿತು

ಕೆಲಸದವರಲ್ಲಿ ಒಗ್ಗಟ್ಟು ತರೋಕೆ ಈ ಮೂರನ್ನೂ ಮಾಡಿ ನೋಡಿದೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬೆಳಿಗ್ಗೆ ಎಲ್ಲರೂ ಸೇರಿ ಮಾತಾಡುವ ಹತ್ತು ನಿಮಿಷಕ್ಕೆ. ಖರ್ಚು ಅಂದರೆ ಎಲ್ಲರಿಗೂ ಒಂದೊಂದು ಲೋಟ ಕಾಫಿ, ಅದೂ ನಮ್ಮದೇ ಪುಡಿ. ಉಳಿದ ಎರಡಕ್ಕೂ ದುಡ್ಡು ಸುರಿದು ನೋಡಿ ಆಯಿತು.

ನಮ್ಮದು ಚಿಕ್ಕಮಗಳೂರಿನಲ್ಲಿ ಪುಡಿ ಅಂಗಡಿ. ಹಿಂದೆ ಹುರಿಯುವ ಮಿಷನ್, ಗ್ರೈಂಡರ್, ಪ್ಯಾಕಿಂಗ್ ಟೇಬಲ್. ಮುಂದೆ ಕೌಂಟರ್. ಒಟ್ಟು 12 ಜನ. ಒಬ್ಬೊಬ್ಬರೇ ನೋಡಿದರೆ ಎಲ್ಲರೂ ಕೆಲಸದಲ್ಲಿ ಗಟ್ಟಿ, ಆದರೆ ಕೌಂಟರ್‌ನವರಿಗೂ ಹಿಂದಿನವರಿಗೂ ಎಣ್ಣೆ ಸೀಗೇಕಾಯಿ. 80:20, ಅಂದರೆ 80 ಪಾಲು ಕಾಫಿ 20 ಪಾಲು ಚಿಕೋರಿ, ಕೇಳಿದವರಿಗೆ 70:30 ಹೋಗುತ್ತಿತ್ತು. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರುವಂತಿಲ್ಲ, ಎಷ್ಟು ಬೆರೆಸಿದ್ದೇವೆ ಅಂತ ಪ್ಯಾಕೆಟ್ ಮೇಲೆ ಹಾಕಲೇಬೇಕು ಅಂತ ನಿಯಮವೇ ಇದೆ. ಹಾಗಾಗಿ ಲೇಬಲ್ ತಪ್ಪಿದರೆ ಗಿರಾಕಿ ಬೈದು ಹೋಗುವಷ್ಟಕ್ಕೆ ಮುಗಿಯುವುದಿಲ್ಲ. ಪ್ರತಿ ಸಲವೂ ಅದೇ ಮಾತು: "ಆರ್ಡರ್ ಚೀಟಿಲಿ ಹಂಗೇ ಬರ್ದಿತ್ತು" ಅಂತ ಹಿಂದಿನವರು, "ನಾನು ಹೇಳಿದ್ದೇ ಬೇರೆ" ಅಂತ ಕೌಂಟರ್‌ನವರು.

ರೆಸಾರ್ಟ್ ವಿಷಯ ಬೇಗ ಮುಗಿಸುತ್ತೇನೆ. ಕೈಮರ ದಾಟಿ ಮೇಲೆ ಒಂದು ಜಾಗ, ಬೆಂಗಳೂರಿಂದ ಬಂದ ಟ್ರೈನರ್, ಊಟ, ವ್ಯಾನು, ಎಲ್ಲ ಸೇರಿ 40 ಸಾವಿರದ ಹತ್ತಿರ. ಶನಿವಾರ ಭಾನುವಾರ ಊರ ತುಂಬ ಟೂರಿಸ್ಟ್‌ಗಳು, ಕೌಂಟರ್ ಬಿಡೋಕಾಗಲ್ಲ, ಅದಕ್ಕೆ ವಾರದ ಮಧ್ಯೆ ಅಂಗಡಿ ಮುಚ್ಚಿ ಹೋದೆವು. ಕಣ್ಣು ಮುಚ್ಚಿ ಹಿಂದಕ್ಕೆ ಬೀಳಿ, ಹಿಂದಿನವರು ಹಿಡಿಯುತ್ತಾರೆ ಅನ್ನುವ ಆಟಕ್ಕೆ ಪ್ಯಾಕಿಂಗ್ ಅಕ್ಕಂದಿರು ಸೆರಗು ಸಿಕ್ಕಿಸಿಕೊಂಡು ದೂರ ಹೋಗಿ ಕೂತರು. ನಾಲ್ಕು ಗಂಟೆಗೆ ಆಲ್ದೂರು ಬಸ್ಸಿನ ಚಿಂತೆ ಶುರು. ಹಗ್ಗ ಎಳೆಯುವ ಆಟಕ್ಕೆ ಆ ಪುಣ್ಯಾತ್ಮ ಗುಂಪು ಮಾಡಿದ್ದು ಹೇಗೆ ಗೊತ್ತಾ? ಕೌಂಟರ್ ಒಂದು ಕಡೆ, ಪ್ಯಾಕಿಂಗ್ ಇನ್ನೊಂದು ಕಡೆ! ಫ್ರಾನ್ಸಿನ ಕೃಷಿ ಇಂಜಿನಿಯರ್ ಮ್ಯಾಕ್ಸ್ ರಿಂಗೆಲ್‌ಮನ್ ಹೀಗೇ ಜನರಿಂದ ಎಳೆಸಿ ಅಳತೆ ಮಾಡಿದ್ದರು, ಅದು 1913ರಲ್ಲಿ ಪ್ರಕಟವಾಯಿತು. ಜನ ಜಾಸ್ತಿಯಾದಷ್ಟೂ ಒಬ್ಬೊಬ್ಬರು ಹಾಕುವ ಬಲ ಕಡಿಮೆ, ಎಂಟು ಜನ ಸೇರಿದರೆ ತಲೆಗೆ ಸುಮಾರು ಅರ್ಧ. ನಮ್ಮಲ್ಲಿ ಮಾತ್ರ ಯಾರೂ ಬಲ ಉಳಿಸಿಕೊಳ್ಳಲಿಲ್ಲ, ಹಳೇ ಸಿಟ್ಟೆಲ್ಲ ಹಗ್ಗಕ್ಕೆ ಹಾಕಿದರು. ಫೋಟೋ ಚೆನ್ನಾಗಿ ಬಂದವು.

ಗುಂಪು ಇನ್ಸೆಂಟಿವ್ ಇಷ್ಟು ಕೆಟ್ಟದ್ದಲ್ಲ. ವಾಪಸ್ ಬಂದ ಪ್ಯಾಕೆಟ್ ಇಂತಿಷ್ಟರ ಒಳಗಿದ್ದರೆ ಆ ತಿಂಗಳು ಎಲ್ಲರಿಗೂ ತಲಾ 1,000 ರೂಪಾಯಿ. ಶುರುವಿನಲ್ಲಿ ಕೆಲಸ ಮಾಡಿತು. ಚೀಟಿ ಅರ್ಥವಾಗದಿದ್ದರೆ ಪ್ಯಾಕಿಂಗ್‌ನವರು ಎದ್ದು ಬಂದು ಕೇಳುತ್ತಿದ್ದರು, ಮೊದಲೆಲ್ಲ ಅಂದಾಜಿನ ಮೇಲೆ ತುಂಬಿಬಿಡುತ್ತಿದ್ದರು.

ಆಮೇಲೆ ಕಾಫಿ ಕೊಯ್ಲು ಬಂತು. ಇಲ್ಲಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ನವೆಂಬರ್‌ನಿಂದ ಜನವರಿವರೆಗೆ ಅರೇಬಿಕಾ, ಅದರ ಹಿಂದೆಯೇ ರೋಬಸ್ಟಾ, ಮಾರ್ಚ್‌ವರೆಗೂ ನಡೆಯುತ್ತದೆ. ನಮ್ಮ ಕೆಲವರಿಗೆ ಒಂದೆರಡು ಎಕರೆ ತೋಟ ಇದೆ. ಇನ್ನು ಕೆಲವರು ಕೆ.ಜಿ. ಲೆಕ್ಕದಲ್ಲಿ ಹಣ್ಣು ಕುಯ್ಯೋಕೆ ಹೋಗುತ್ತಾರೆ, ಆ ದಿನಗಳಲ್ಲಿ ನನ್ನ ಸಂಬಳಕ್ಕಿಂತ ಅದೇ ಲಾಭ. ಹತ್ತು ದಿನ ಇಲ್ಲದವರಿಗೆ ಇನ್ಸೆಂಟಿವ್ ಪೂರ್ತಿ ಕೊಡೋದಾ?

ಪೂರ್ತಿ ಕೊಟ್ಟೆ. "ನಾವು ಎರಡಾಳಿನ ಕೆಲಸ ಮಾಡಿದ್ದಕ್ಕೆ ಏನು ಸಾರ್?" ಅಂತ ಉಳಿದವರು. ಮುಂದಿನ ತಿಂಗಳು ದಿನದ ಲೆಕ್ಕದಲ್ಲಿ ಮುರಿದುಕೊಂಡೆ. "ಕೇಳಿಕೊಂಡೇ ರಜೆ ಹಾಕಿದ್ದು, ನಾನಿದ್ದ ದಿನ ಒಂದಾದರೂ ತಪ್ಪಾಗಿದೆಯಾ?" ಅಂತ ರಜೆ ಹಾಕಿದವರು. ಇಬ್ಬರದ್ದೂ ನ್ಯಾಯವೇ. ಜ್ವರದ ರಜೆಗೆ ಒಂದು ಲೆಕ್ಕವಾ, ಜಾತ್ರೆಗೆ ಇನ್ನೊಂದಾ? ಮಧ್ಯಾಹ್ನ ಬಂದವರು ಅರ್ಧವಾ? ಗ್ರೈಂಡರ್ ಪಕ್ಕದ ಕ್ಯಾಲೆಂಡರ್‌ನಲ್ಲಿ ಪೆನ್ಸಿಲ್ ಗೀಟುಗಳು ಕಾಣಿಸಿದವು, ಒಬ್ಬರ ರಜೆಯನ್ನು ಇನ್ನೊಬ್ಬರು ಗುಟ್ಟಾಗಿ ಬರೆದಿಡುತ್ತಿದ್ದರು.

ಅದಕ್ಕಿಂತ ತಲೆಬಿಸಿ ಅಂದರೆ, ವಾಪಸ್ ಬಂದ ಪ್ಯಾಕೆಟ್ ಪುಸ್ತಕಕ್ಕೆ ಹತ್ತುವುದೇ ನಿಂತಿತು. ಕೌಂಟರ್‌ನಲ್ಲೇ ಬೇರೆ ಕೊಟ್ಟು ಕಳಿಸಿ, ಹಳೆಯದನ್ನು ಹಿಂದೆ ತಳ್ಳುತ್ತಿದ್ದರು. ತಪ್ಪು ಮುಚ್ಚಿಡುವುದರಲ್ಲಿ ಮಾತ್ರ ಅಪೂರ್ವ ಒಗ್ಗಟ್ಟು.

ವಾಟ್ಸಾಪ್ ಗ್ರೂಪ್: ಗುಡ್ ಮಾರ್ನಿಂಗ್ ಹೂವು, ಅಷ್ಟೇ.

ಇನ್ನು ಹತ್ತು ನಿಮಿಷ. ಎಂಟೂವರೆಗೆ ಬಾಗಿಲು ಅರ್ಧ ತೆಗೆದು, ಎಲ್ಲರೂ ಲೋಟ ಹಿಡಿದು ನಿಂತೇ ಮಾತು. ಕೂತರೆ ಅದು ಅರ್ಧ ಗಂಟೆ ಆಗುತ್ತದೆ. ಮೂರೇ ಪ್ರಶ್ನೆ: ನಿನ್ನೆ ಏನು ವಾಪಸ್ ಬಂತು, ಇವತ್ತು ದೊಡ್ಡ ಆರ್ಡರ್ ಯಾವುದು, ನಾಳೆ ಯಾರು ಬರಲ್ಲ. ಯಾರು ಮಾಡಿದ್ದು ಅಂತ ಕೇಳುವ ಹಾಗಿಲ್ಲ, ಎಲ್ಲಿ ತಪ್ಪಿತು ಅಂತ ಮಾತ್ರ ಕೇಳಬಹುದು. ಇದರ ಜೊತೆ ವಾರಕ್ಕೊಮ್ಮೆ, ಗಿರಾಕಿ ಕಡಿಮೆ ಇರುವ ದಿನ, ಕೌಂಟರ್‌ನವರೊಬ್ಬರು ಅರ್ಧ ದಿನ ಹಿಂದೆ, ಹಿಂದಿನವರೊಬ್ಬರು ಮುಂದೆ.

ಮೊದಮೊದಲು ತಪ್ಪುಗಳ ಪಟ್ಟಿ ಉದ್ದವಾಯಿತು. ಗಾಬರಿ ಬೀಳಬೇಡಿ. ಹಾರ್ವರ್ಡ್‌ನ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗಿನ ತಪ್ಪುಗಳ ಲೆಕ್ಕ ತೆಗೆದಾಗ, ಒಳ್ಳೆಯ ತಂಡಗಳಲ್ಲೇ ತಪ್ಪು ಜಾಸ್ತಿ ಕಾಣಿಸಿತ್ತು. ಅವರು ಜಾಸ್ತಿ ತಪ್ಪು ಮಾಡುತ್ತಿದ್ದರು ಅಂತಲ್ಲ, ಹೆದರದೆ ಹೇಳುತ್ತಿದ್ದರು.

ನಮ್ಮಲ್ಲಿ ಹೊರಬಿದ್ದದ್ದು ಸಣ್ಣ ಸಣ್ಣ ಸಂಗತಿ. ಪ್ಯಾಕಿಂಗ್‌ಗೆ ಕೂತ ಕೌಂಟರ್ ಹುಡುಗ ಲೇಬಲ್ ರೋಲ್ ಎರಡನ್ನೂ ಎತ್ತಿ ತೋರಿಸಿದ. 80:20 ಮತ್ತು 70:30, ಎರಡೂ ಒಂದೇ ಕಂದು ಬಣ್ಣ, ಅಂಕಿ ಚಿಕ್ಕದು, ಟ್ಯೂಬ್‌ಲೈಟಿನಲ್ಲಿ ಗೊತ್ತೇ ಆಗಲ್ಲ. ಒಂದಕ್ಕೆ ಕೆಂಪು ಇನ್ಸುಲೇಷನ್ ಟೇಪ್ ಸುತ್ತಿದೆವು. ವರ್ಷಗಟ್ಟಲೆ ಜಗಳ ಇಷ್ಟಕ್ಕಾ ಅಂತ ನಗು ಬಂತು. ಇನ್ನೊಂದು, ಚಿಕೋರಿ ಪುಡಿ ಬೀಸಿದ ಮೇಲೆ ಗ್ರೈಂಡರ್ ಒಳಗೆ ಸ್ವಲ್ಪ ಉಳಿದಿರುತ್ತದೆ, ಪ್ಯೂರ್ ಕಾಫಿ ಬೀಸುವ ಮುಂಚೆ ಒಂದಷ್ಟು ಬೀಜ ಹಾಕಿ ಓಡಿಸಿ ಆ ಪುಡಿ ಬೇರೆ ಇಡಬೇಕು. ಇದು ಗೊತ್ತಿಲ್ಲದೆ ಮುಂದಿನವರು "ಎರಡೇ ನಿಮಿಷ ಸಾರ್" ಅಂತ ಗಿರಾಕಿಗೆ ಹೇಳಿಬಿಡುತ್ತಿದ್ದರು, ಗ್ರೈಂಡರ್ ಅಣ್ಣನಿಗೆ ಸೋಮಾರಿ ಅಂತ ಹೆಸರು. ಈಗ ಹತ್ತು ನಿಮಿಷ ಅನ್ನುತ್ತಾರೆ.

ಇದು ಎಲ್ಲರಿಗೂ ಆಗಲ್ಲ. ನಾನು ಎಂಟಕ್ಕೇ ಅಂಗಡಿಗೆ ಬರುವ ಮನುಷ್ಯ. ಹನ್ನೊಂದಕ್ಕೆ ಬರುವ ಮಾಲೀಕರಾದರೆ, ಮೂರು ದಿನಕ್ಕೆ ನಿಂತುಹೋಗುತ್ತದೆ. ಅಂಥವರಿಗೆ ಇನ್ಸೆಂಟಿವೇ ವಾಸಿ, ಆದರೆ ರಜೆಯ ಲೆಕ್ಕ ಮೊದಲೇ ಎಲ್ಲರ ಎದುರು ಬರೆದಿಟ್ಟು ಶುರು ಮಾಡಿ. ಹಾಸನದಲ್ಲೊಂದು, ಇಲ್ಲೊಂದು ಅಂತ ಎರಡು ಅಂಗಡಿ ಇದ್ದವರು ಎರಡೂ ಕಡೆ ಬೇರೆ ಬೇರೆ ನಿಲ್ಲಿಸಬೇಕು, ಫೋನಿನಲ್ಲಿ ಇದು ನಡೆಯುವುದಿಲ್ಲ. ರೆಸಾರ್ಟ್‌ಗೆ ಸುಮ್ನೆ ಊಟಕ್ಕೆ ಅಂತ ಕರೆದುಕೊಂಡು ಹೋಗಿ, ಟ್ರೈನರ್ ಬೇಡ.

ನಾನಂತೂ ಈ ವರ್ಷ ಆ 40 ಸಾವಿರವನ್ನು ಇನ್ನೊಂದು ಗ್ರೈಂಡರ್‌ಗೆ ಅಡ್ವಾನ್ಸ್ ಕೊಟ್ಟಿದ್ದೇನೆ, ಪ್ಯೂರ್ ಕಾಫಿಗೇ ಅಂತ ಬೇರೆ. ಬೆಳಗಿನ ಮಾತಿನಲ್ಲಿ ಅದನ್ನು ಕೇಳಿದ್ದು ಕೌಂಟರ್‌ನವರು.