ಏಳು ಹಿಡಿತ, ಒಂದು ಮೊಣಕೈ: ಬೇಸ್‌ಬಾಲ್ ಪಿಚ್‌ಗಳನ್ನು ಎಸೆದು ನೋಡಿದ ಮೇಲೆ

ಬೇಸ್‌ಬಾಲ್‌ನಲ್ಲಿ ಪಿಚ್ ಎಂದರೆ ಅಂಗಳವಲ್ಲ, ಬ್ಯಾಟರ್‌ಗೆ ಚೆಂಡು ಎಸೆಯುವ ಒಂದೊಂದು ಬಗೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಸರ್ಕಲ್ ಚೇಂಜ್‌ಅಪ್‌ಗೆ, ಅಂದರೆ ವೇಗದ ಎಸೆತದಂತೆ ತೋರಿ ನಿಧಾನವಾಗಿ ಬರುವ ಪಿಚ್‌ಗೆ. ಉಳಿದವನ್ನೂ ಎಸೆದು ನೋಡಿಯೇ ಈ ಮಾತು ಹೇಳುತ್ತಿದ್ದೇನೆ. ಇಲ್ಲಿಗೆ ಬಂದು ಮುಟ್ಟಲು ಮೂರು ತಿಂಗಳು ಹಿಡಿಯಿತು, ಅದಕ್ಕೆ ಕಾರಣ ನಾನು ಕೊಂಡ ಚೆಂಡು.

ಅದು ಕಲಿಯುವವರಿಗೆಂದೇ ಮಾಡಿದ ಚೆಂಡು. ಯಾವ ಪಿಚ್‌ಗೆ ಯಾವ ಬೆರಳು ಎಲ್ಲಿರಬೇಕು ಎಂದು ಮೈತುಂಬ ಬಣ್ಣದ ಗುರುತುಗಳು: ಫಾಸ್ಟ್‌ಬಾಲ್‌ಗೆ ಕೆಂಪು, ಕರ್ವ್‌ಗೆ ನೀಲಿ, ಚೇಂಜ್‌ಅಪ್‌ಗೆ ಹಸಿರು. ನೋಡಲು ಚೆಂದವೇ. ಆದರೆ ಗುರುತು ಹಾಕಿದವರ ಮನಸ್ಸಿನಲ್ಲಿದ್ದದ್ದು ಯಾರೋ ಆಜಾನುಬಾಹುವಿನ ಕೈ. ನನ್ನ ನಡುಬೆರಳನ್ನು ನೀಲಿ ಗುರುತಿಗೆ ಮುಟ್ಟಿಸಿದರೆ ಹೆಬ್ಬೆರಳು ತನ್ನ ಗುರುತಿನಿಂದ ಒಂದಂಗುಲ ಹಿಂದೆಯೇ ಉಳಿಯುತ್ತಿತ್ತು. ಅದನ್ನಾದರೂ ಸಹಿಸಬಹುದಿತ್ತು. ನಿಜವಾದ ಪೀಡೆ ಹೊಲಿಗೆಯದು. ಅಲ್ಲಿ ಹೊಲಿಗೆಯೇ ಇರಲಿಲ್ಲ. ನುಣುಪಾದ ಪ್ಲಾಸ್ಟಿಕ್ ಹೊದಿಕೆಯ ಮೇಲೆ ಒತ್ತಿ ಮೂಡಿಸಿದ ಗೆರೆ ಇತ್ತು.

ಬೇಸ್‌ಬಾಲ್‌ನಲ್ಲಿ ಇದು ಸಣ್ಣ ಕೊರತೆಯಲ್ಲ. ಅಸಲಿ ಚೆಂಡಿನ ಚರ್ಮವನ್ನು ಕೆಂಪು ದಾರದ 108 ಜೋಡಿ ಹೊಲಿಗೆಗಳು ಹಿಡಿದಿಟ್ಟಿರುತ್ತವೆ. ಕ್ರಿಕೆಟ್ ಚೆಂಡಿನ ಹಾಗೆ ನಡುವೆ ನೆಟ್ಟಗೆ ಸುತ್ತುವ ಸೀಮ್ ಅಲ್ಲ, ಟೆನಿಸ್ ಚೆಂಡಿನ ಗೆರೆಯಂತೆ ಬಳುಕಿ ಲಾಳದ ಆಕಾರ ಮಾಡುತ್ತ ಹೋಗುತ್ತದೆ. ಬೆರಳ ತುದಿ ಕೊನೆಯ ಕ್ಷಣದಲ್ಲಿ ಎಳೆಯುವುದು ಆ ಉಬ್ಬನ್ನೇ, ಗಾಳಿಯನ್ನು ಕಲಕುವುದೂ ಆ ಉಬ್ಬೇ. ಉಬ್ಬಿಲ್ಲದ ಚೆಂಡಿನಲ್ಲಿ ಹಿಡಿತ ಕಲಿಯುವುದೆಂದರೆ ತಂತಿಯಿಲ್ಲದ ವೀಣೆಯಲ್ಲಿ ಸರಳೆ ಕಲಿತಂತೆ.

ಇದು ತಿಳಿಯದೆ ಆರು ವಾರ ನನ್ನನ್ನೇ ಬೈದುಕೊಂಡೆ. ಕೊನೆಯಲ್ಲಿ ಪಕ್ಕಕ್ಕೆ ವಾಲಬೇಕಾದ ಟು-ಸೀಮ್ ಪಿಚ್ ಎಸೆದರೆ ನೆಟ್ಟಗೆ ಹೋಗುತ್ತಿತ್ತು. ತೋರುಬೆರಳಿನ ಒತ್ತಡ ಹೆಚ್ಚಿಸಿದೆ, ನೆಟ್ಟಗೆ. ಮಣಿಕಟ್ಟಿನ ಓರೆ ಬದಲಿಸಿದೆ, ಆಗಲೂ ನೆಟ್ಟಗೆ. ಎಸೆತ ಹಿಡಿಯುವ ಕ್ಯಾಚರ್ ಆಗಿ ಕೂರುತ್ತಿದ್ದ ತಮ್ಮ ಒಂದು ದಿನ, "ಅಣ್ಣ, ನೀನು ಹೆಸರು ಮಾತ್ರ ಬದಲಿಸುತ್ತಿದ್ದೀಯ, ಚೆಂಡು ಒಂದೇ ಥರ ಬರುತ್ತಿದೆ" ಎಂದ. ಕೊನೆಗೆ ಪರಿಚಯದವರೊಬ್ಬರಿಂದ ಹಳೆಯ ಚರ್ಮದ ಚೆಂಡೊಂದನ್ನು ಕೇಳಿ ತಂದೆ. ಅದೇ ಕೈ, ಅದೇ ಹಿಡಿತ. ಮೂರನೆಯ ಎಸೆತಕ್ಕೇ ಚೆಂಡು ಕೊನೆಯಲ್ಲಿ ಬಲಕ್ಕೆ ವಾಲಿ ತಮ್ಮನ ಗ್ಲೌಸ್‌ನ ಅಂಚಿಗೆ ಬಡಿಯಿತು. ನನಗೆ ಸಂತೋಷಕ್ಕಿಂತ ಸಿಟ್ಟೇ ಹೆಚ್ಚು ಬಂತು.

ಆಮೇಲೆ ಹೊಸ ಚರ್ಮದ ಚೆಂಡು ಕೊಂಡೆ. ಹೊಸದು ಜಾರುತ್ತದೆ, ಗಾಬರಿ ಬೇಡ. ಅಮೆರಿಕದ ಅಗ್ರ ವೃತ್ತಿಪರ ಬೇಸ್‌ಬಾಲ್ ಕೂಟವಾದ ಮೇಜರ್ ಲೀಗ್‌ನಲ್ಲೇ ಹೊಸ ಚೆಂಡುಗಳಿಗೆ ಡೆಲವೇರ್ ನದಿಯ ಸೀಮೆಯಿಂದ ತಂದ ಮಣ್ಣನ್ನು ತಿಕ್ಕಿ, ಹೊಳಪು ತೆಗೆದೇ ಆಟಕ್ಕೆ ಬಿಡುತ್ತಾರೆ. ನಾನು ಒದ್ದೆ ಮಣ್ಣು ತಿಕ್ಕಿ, ಒರೆಸಿ, ಒಣಗಿಸಿದೆ. ಕೆಲಸವಾಯಿತು.

ಇನ್ನು ಪಿಚ್‌ಗಳು. ನಾನು ಬಲಗೈಯವನು, ಎಡಗೈಯವರು ದಿಕ್ಕು ತಿರುಗಿಸಿ ಓದಿಕೊಳ್ಳಿ.

ಫೋರ್-ಸೀಮ್ ಫಾಸ್ಟ್‌ಬಾಲ್ ಬಗ್ಗೆ ಚರ್ಚೆಯೇ ಇಲ್ಲ, ಅದು ಎಲ್ಲರಿಗೂ ಬೇಕು. ಲಾಳದ ಹೊಲಿಗೆಗೆ ಅಡ್ಡವಾಗಿ ತೋರುಬೆರಳು ಮತ್ತು ನಡುಬೆರಳು, ಕೆಳಗೆ ಹೆಬ್ಬೆರಳು, ಅಂಗೈಗೂ ಚೆಂಡಿಗೂ ನಡುವೆ ಬೆರಳು ತೂರುವಷ್ಟು ಜಾಗ. ಬೆರಳ ತುದಿಯಿಂದ ಬಿಟ್ಟರೆ ಚೆಂಡು ಹಿಮ್ಮುಖವಾಗಿ ಸುತ್ತುತ್ತ ಹೋಗುತ್ತದೆ. ಆ ಸುತ್ತು ಅದನ್ನು ಮೇಲಕ್ಕೆ ಒತ್ತುವುದರಿಂದ ಬ್ಯಾಟರ್ ಅಂದಾಜಿಸಿದಷ್ಟು ಕೆಳಗಿಳಿಯುವುದಿಲ್ಲ. ಚೆಂಡಿಗೆ ಸುತ್ತಲೂ ಕಪ್ಪು ಟೇಪಿನ ಒಂದು ಪಟ್ಟಿ ಅಂಟಿಸಿ ಎಸೆಯಿರಿ. ಪಟ್ಟಿ ತೆಳ್ಳಗಿನ ಗೆರೆಯಾಗಿಯೇ ಕಂಡರೆ ಬೆರಳುಗಳು ಚೆಂಡಿನ ಹಿಂದಿದ್ದವು. ಹಳೆಯ ಸೈಕಲ್ ಚಕ್ರದಂತೆ ಓಲಾಡಿದರೆ ಪಕ್ಕಕ್ಕೆ ಜಾರಿದವು.

ಟು-ಸೀಮ್‌ಗೆ ಹೊಲಿಗೆಗಳು ಹತ್ತಿರ ಬರುವಲ್ಲಿ, ಅವುಗಳ ಉದ್ದಕ್ಕೆ ಬೆರಳಿಡಬೇಕು. ಬಲಕ್ಕೆ ವಾಲಿ ಇಳಿಯುತ್ತದೆ. ಒಳ್ಳೆಯದು, ಆದರೆ ವೇಗ ಫೋರ್-ಸೀಮ್‌ನ ಆಸುಪಾಸಿನದೇ ಆದ್ದರಿಂದ ಬ್ಯಾಟರ್‌ನ ಲಯ ಕೆಡುವುದಿಲ್ಲ.

ಕರ್ವ್‌ಬಾಲ್ ನನ್ನ ಮೊದಲ ಪ್ರೀತಿ, ಬಹುಶಃ ಎಲ್ಲರದೂ. ನಡುಬೆರಳು ಹೊಲಿಗೆಯ ಉದ್ದಕ್ಕೆ ಒತ್ತಿ ಕೂರಬೇಕು, ತೋರುಬೆರಳು ಪಕ್ಕದಲ್ಲಿ ಸುಮ್ಮನಿರಬೇಕು, ಹೆಬ್ಬೆರಳು ಕೆಳಗಿನ ಹೊಲಿಗೆಯ ಮೇಲೆ. ಮೊಳೆಗೆ ಸುತ್ತಿಗೆ ಬೀಸುವ ಹಾಗೆ ಕೈಯ ಅಂಚು ಮುಂದಾಗಿ ಬರಬೇಕು, ಚೆಂಡು ತೋರುಬೆರಳ ಮೇಲಿನಿಂದ ಉರುಳಬೇಕು. ಆಗ ಮುಮ್ಮುಖ ಸುತ್ತು ಬಿದ್ದು ಕೊನೆಯಲ್ಲಿ ಧುಮುಕುತ್ತದೆ. ನನ್ನದೂ ಧುಮುಕುತ್ತಿತ್ತು. ತೊಡಕೆಂದರೆ ಕೈ ಬಿಟ್ಟ ಕೂಡಲೇ ಮೊದಲು ಒಂದಿಷ್ಟು ಮೇಲಕ್ಕೆ ಚಿಮ್ಮುತ್ತಿತ್ತು, ಆ ಗೂನು ಕಂಡರೆ ಬ್ಯಾಟರ್ ಕಾದು ಕೂರುತ್ತಾನೆ. ತಮ್ಮನಂತೂ ಎದ್ದು ಮೈ ಮುರಿದು ಮತ್ತೆ ಕೂರುವ ನಟನೆ ಮಾಡುತ್ತಿದ್ದ. ಸುತ್ತು ಹೆಚ್ಚಿಸಲು ಮಣಿಕಟ್ಟು ತಿರುಚಿದ್ದು ನನ್ನ ತಪ್ಪು. ಮಾರನೆಯ ದಿನ ಬಾಗಿಲ ಹಿಡಿ ತಿರುಗಿಸುವಾಗ ಮೊಣಕೈಯ ಒಳಬದಿ ಚುಳುಕ್ಕೆಂದಿತು.

ವೇಗವಾಗಿ ಬಂದು ಕೊನೆಯಲ್ಲಿ ಪಕ್ಕಕ್ಕೆ ಜಾರುವ ಸ್ಲೈಡರ್ ಎರಡೇ ದಿನ ಎಸೆದೆ. ಅದೇ ಮೊಣಕೈ ಬೇಡವೆಂದಿತು.

ಆ ನೋವಿನ ವಾರದಲ್ಲೇ ಸರ್ಕಲ್ ಚೇಂಜ್‌ಅಪ್ ಕೈಗೆ ಸಿಕ್ಕಿತು. ಹೆಬ್ಬೆರಳು, ತೋರುಬೆರಳುಗಳ ತುದಿ ಸೇರಿಸಿ ಚೆಂಡಿನ ಪಕ್ಕಕ್ಕೆ ಒಂದು ಉಂಗುರ ಮಾಡಿ. ನಡುಬೆರಳು ಮತ್ತು ಉಂಗುರ ಬೆರಳು ಚೆಂಡಿನ ಮೇಲೆ, ಕಿರುಬೆರಳು ಆಚೆ ಬದಿಗೆ. ಚೆಂಡು ಅಂಗೈಯೊಳಗೆ ಫಾಸ್ಟ್‌ಬಾಲ್‌ಗಿಂತ ಆಳಕ್ಕೆ ಕೂರಲಿ. ನನ್ನ ತುದಿಗಳು ಪೂರ್ತಿ ಸೇರುವುದಿಲ್ಲ, ನಡುವೆ ಒಂದು ಸೀಳು ಉಳಿಯುತ್ತದೆ, ಪರವಾಗಿಲ್ಲ. ಆಮೇಲೆ ಫಾಸ್ಟ್‌ಬಾಲ್ ಎಂದೇ ನಂಬಿ ಎಸೆಯಬೇಕು. ತೋಳಿನ ಬೀಸು ಅಷ್ಟೇ ಜೋರು, ಹೆಜ್ಜೆ ಅಷ್ಟೇ ಉದ್ದ. ಬಲವಿರುವ ತೋರುಬೆರಳು ಹಿಂದೆ ಇಲ್ಲದಿರುವುದರಿಂದ, ಅಂಗೈಯ ತಿಕ್ಕಾಟವೂ ಸೇರಿ, ಚೆಂಡು ತಾನಾಗಿ ಸೋಮಾರಿಯಾಗುತ್ತದೆ. ಮೇಜರ್ ಲೀಗ್‌ನಲ್ಲಿ ಸಾಮಾನ್ಯವಾಗಿ ಫಾಸ್ಟ್‌ಬಾಲ್‌ಗಿಂತ ಗಂಟೆಗೆ 12ರಿಂದ 16 ಕಿಲೋಮೀಟರ್ ನಿಧಾನ. ಅಲ್ಲಿನ ಹೆಸರಾಂತ ಎಸೆತಗಾರರಾದ ಪೆಡ್ರೊ ಮಾರ್ಟಿನೆಝ್, ಯೊಹಾನ್ ಸಂತಾನಾ ಅವರ ಚೇಂಜ್‌ಅಪ್‌ಗೆ ಬ್ಯಾಟರ್‌ಗಳು ಬೇಗನೆ ಬೀಸಿ ಗಾಳಿ ಹೊಡೆದದ್ದು ಈ ಮೋಸಕ್ಕೇ.

ಒಂದೇ ಎಚ್ಚರ: ನಿಧಾನ ಮಾಡಬೇಕೆಂದು ತೋಳನ್ನು ನಿಧಾನಿಸಿದರೆ ಎಲ್ಲ ಕೆಟ್ಟಿತು. ನಾನೂ ಒಂದು ವಾರ ಹಾಗೇ ಕೆಡಿಸಿದೆ. ಬಿಟ್ಟ ಮೇಲೆ ಹೆಬ್ಬೆರಳು ನೆಲದ ಕಡೆ ತಿರುಗಿ ಅಂಗೈ ಹೊರಕ್ಕೆ ಕಂಡರೆ ಚೆಂಡು ಬಲಕ್ಕೆ ಜರುಗಿ ಇಳಿಯುತ್ತದೆ. ಅದು ಸರಿಯಾಗಿ ಬಂದ ಮೊದಲ ಸಲ ತಮ್ಮ ಗ್ಲೌಸ್ ಮುಚ್ಚಿದ ನಂತರ ಚೆಂಡು ಬಂತು, ಅವನ ಮೊಣಕಾಲಿಗೆ. ಕ್ಷಮೆ ಕೇಳುವ ಮೊದಲು ನಕ್ಕುಬಿಟ್ಟೆ.

ಕೊನೆಯಲ್ಲಿ ಥಟ್ಟನೆ ಕೆಳಗಿಳಿಯುವ ಸ್ಪ್ಲಿಟರ್‌ಗೆ ಎರಡು ಬೆರಳುಗಳನ್ನು ಹೊಲಿಗೆಯ ಹೊರಗೆ ಅಗಲಿಸಬೇಕು. ನನ್ನವು ಅಷ್ಟು ಅಗಲುವುದಿಲ್ಲ. ನಕಲ್‌ಬಾಲ್‌ಗೆ ಉಗುರ ತುದಿಯಿಂದ ಚುಚ್ಚಿ ಹಿಡಿದು, ಸುತ್ತೇ ಬೀಳದಂತೆ ತಳ್ಳಬೇಕು. ಮೇಜರ್ ಲೀಗ್‌ನ ಆರ್.ಎ. ಡಿಕಿ ಅದರ ಬಲದ ಮೇಲೆಯೇ 2012ರಲ್ಲಿ, ವರ್ಷದ ಶ್ರೇಷ್ಠ ಎಸೆತಗಾರರಿಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದರು. ನಾನು ಇಪ್ಪತ್ತು ಎಸೆದರೆ ಒಂದು ಗಾಳಿಯಲ್ಲಿ ತಡವರಿಸುತ್ತದೆ, ಉಳಿದ ಹತ್ತೊಂಬತ್ತು ಹೊಡೆಯಿರಿ ಎಂದು ಬೇಡಿಕೊಂಡು ಹೋಗುತ್ತವೆ.

ನನ್ನ ಬಳಿ ಇರುವುದು ವಾರಕ್ಕೆ ಎರಡು ಸಂಜೆ, ಸಣ್ಣ ಕೈ, ಒಂದೇ ಒಳ್ಳೆಯ ಚೆಂಡು, ದೂರು ಹೇಳುವ ಮೊಣಕೈ. ಅದಕ್ಕೆ ಫೋರ್-ಸೀಮ್ ಮತ್ತು ಸರ್ಕಲ್ ಚೇಂಜ್‌ಅಪ್ ಸಾಕು. ಪ್ರತಿ ಮೂರು ಎಸೆತಕ್ಕೆ ಒಂದು ಚೇಂಜ್‌ಅಪ್. ಉದ್ದ ಬೆರಳಿನವರು ಸ್ಪ್ಲಿಟರ್ ನೋಡಬಹುದು, ದಿನವೂ ಎಸೆಯುವ ತಾಳ್ಮೆಯಿದ್ದವರು ನಕಲ್‌ಬಾಲ್. ಹಣ ಹಾಕುವುದಾದರೆ ಹೊಲಿಗೆ ಉಬ್ಬಿರುವ ಚರ್ಮದ ಚೆಂಡಿಗೆ ಹಾಕಿ. ಬಣ್ಣದ ಗುರುತಿನ ಚೆಂಡೇ ಬೇಕೆನ್ನುವವರು ನನ್ನನ್ನು ಕೇಳಿ, ಸುಮ್ಮನೆ ಕೊಟ್ಟುಬಿಡುತ್ತೇನೆ.