ಸಾಗರದ ಕಿರುಚಿತ್ರ ಪ್ರದರ್ಶನ: ಸಿನಿಮಾಗಳಿಗೆ ನಾಲ್ಕು, ತೋರಿಸಿದ ರೀತಿಗೆ ಎರಡು

ಇಂಥದ್ದಕ್ಕೆ ಹೋಗಬಹುದಾ ಅಂತ ಕೇಳುವವರಿಗೆ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಖಂಡಿತ ಹೋಗಿ. ಆದರೆ ಬೆಳಿಗ್ಗೆ ಹೋಗಬೇಡಿ, ಮನೆಯಲ್ಲಿ ಊಟ ಮುಗಿಸಿಕೊಂಡು ಮಧ್ಯಾಹ್ನ ಹೋಗಿ. ಕಾರಣ ಮುಂದೆ ಬರುತ್ತದೆ.

ಮೊನ್ನೆ ಸಾಗರದಲ್ಲಿ ನಡೆದದ್ದು ಎರಡು ದಿನದ ಪ್ರದರ್ಶನ. ಶಿವಮೊಗ್ಗ, ಸೊರಬ, ಶಿರಸಿ ಕಡೆಯ ಕಾಲೇಜು ಹುಡುಗ ಹುಡುಗಿಯರು ಮಾಡಿದ ಸಿನಿಮಾಗಳು, ಜೊತೆಗೆ ಊರಲ್ಲೇ ಇದ್ದುಕೊಂಡು ಬಿಡುವಾದಾಗ ಸಿನಿಮಾ ಮಾಡುವವರದ್ದು. ಮದುವೆ ವಿಡಿಯೋ ತೆಗೆಯುವವರು, ನಾಟಕದವರು, ಒಬ್ಬರು ಹೈಸ್ಕೂಲ್ ಮೇಷ್ಟ್ರು, ಹೀಗೆ. ಪಾಸ್ 50 ರೂಪಾಯಿ, ವಿದ್ಯಾರ್ಥಿಗಳಿಗೆ ಫ್ರೀ. ಆ ದುಡ್ಡಿಗೆ ಇಷ್ಟು ಸಿನಿಮಾ ಎಲ್ಲಿ ಸಿಗುತ್ತದೆ ಹೇಳಿ?

ಈ ಕಡೆಯ ಪ್ರೇಕ್ಷಕರನ್ನು ಮಾತ್ರ ಯಾರೂ ಹಗುರವಾಗಿ ತಗೋಬೇಡಿ. ಪಕ್ಕದಲ್ಲೇ ಹೆಗ್ಗೋಡು ಇದೆ. ಅಲ್ಲಿ 1949ರಲ್ಲಿ ಶುರುವಾದ ನಾಟಕ ಸಂಸ್ಥೆ ನೀನಾಸಂ 1973ರಲ್ಲೇ ಚಿತ್ರಸಮಾಜ ಕಟ್ಟಿಕೊಂಡಿತ್ತು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಲ್ಲಿ ಸಿನಿಮಾ ಪಾಠ ಮಾಡುತ್ತಿದ್ದ ಸತೀಶ್ ಬಹಾದುರ್ ಅಂಥವರು ಬಂದು ಸಿನಿಮಾ ರಸಗ್ರಹಣ ಶಿಬಿರ ನಡೆಸಿದ ಊರು ಅದು. ಅಡಿಕೆ ತೋಟದ ಕೆಲಸ ಮುಗಿಸಿ ಬಂದವರು ಜಗತ್ತಿನ ದೊಡ್ಡ ದೊಡ್ಡ ಸಿನಿಮಾ ನೋಡಿ, ಚಹಾ ಕುಡಿಯುತ್ತಾ ವಾದ ಮಾಡಿದ ಜಾಗ. ಹಾಗಾಗಿ ನಿಮ್ಮ ಪಕ್ಕದ ಕುರ್ಚಿಯಲ್ಲಿ ಪಂಚೆ ಉಟ್ಟು ಕವಳ ಹಾಕಿಕೊಂಡು ಕೂತವರು "ಕಟ್ಟಿಂಗ್ ಸ್ವಲ್ಪ ಅವಸರ ಆಯ್ತು" ಅಂದರೆ ಆಶ್ಚರ್ಯಪಡಬೇಡಿ. ನನ್ನ ಪಕ್ಕದವರು ಅಂದರು. ಸರಿಯಾಗಿಯೇ ಅಂದರು.

ಈಗ ಸಿನಿಮಾಗಳು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಹೊಳೆಬಾಗಿಲಿನ ಲಾಂಚ್ ಮೇಲೆ ಮಾಡಿದ ಸಾಕ್ಷ್ಯಚಿತ್ರ. ಸಿಗಂದೂರಿಗೆ ಹೋದವರಿಗೆ ಲಾಂಚ್ ಗೊತ್ತಿರುತ್ತದೆ. ಲಿಂಗನಮಕ್ಕಿ ಅಣೆಕಟ್ಟಾಗಿ ಶರಾವತಿ ಹಿನ್ನೀರು ತುಂಬಿದ ಮೇಲೆ ತುಮರಿ ಕಡೆಯ ಊರುಗಳ ಜನರಿಗೆ ಸಾಗರಕ್ಕೆ ಬರಲು ಹತ್ತಿರದ ದಾರಿ ಅದೇ ಆಗಿತ್ತು. ಜನ, ಬೈಕು, ಬಸ್ಸು, ಎಲ್ಲ ಅದರ ಮೇಲೇ ದಾಟಬೇಕಿತ್ತು. 2025ರ ಜುಲೈನಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸೇತುವೆ ಶುರುವಾಯಿತು. ಇಬ್ಬರು ವಿದ್ಯಾರ್ಥಿಗಳು ಅದಕ್ಕೆ ಮೊದಲಿನ ತಿಂಗಳುಗಳಲ್ಲಿ ಲಾಂಚ್ ಮೇಲೆ ಕ್ಯಾಮೆರಾ ಹಿಡಿದು ಓಡಾಡಿದ್ದಾರೆ. ಹಿನ್ನೆಲೆ ವಿವರಣೆ ಇಲ್ಲ, ಸಂಗೀತವೂ ಇಲ್ಲ. ಲಾಂಚ್ ದಡಕ್ಕೆ ತಾಗುವಾಗ ಮುಂದಿನ ಕಬ್ಬಿಣದ ಹಲಗೆ ಇಳಿದು ಕಲ್ಲಿನ ಮೇಲೆ ಉಜ್ಜುವ ಸದ್ದು ಇದೆಯಲ್ಲ, ಅದನ್ನು ಹಾಗೇ ಇಟ್ಟಿದ್ದಾರೆ. ಹಲ್ಲು ಜುಮ್ ಅನ್ನುತ್ತದೆ. ಹಗ್ಗ ಎಸೆಯುವವನ ಕೈಯನ್ನು ಮಾತ್ರ ತೋರಿಸುತ್ತಾರೆ, ಅವನ ಮುಖ ಎಷ್ಟೋ ಹೊತ್ತಿನ ಮೇಲೆ ಬರುತ್ತದೆ, ಅಷ್ಟೊತ್ತಿಗೆ ಆ ಕೈ ನಮಗೆ ಪರಿಚಯ ಆಗಿಬಿಟ್ಟಿರುತ್ತದೆ.

ಇಂಥ ವಿಷಯದಲ್ಲಿ "ಅಯ್ಯೋ ಹಳೇ ಲಾಂಚ್ ಹೋಯ್ತಲ್ಲ" ಅಂತ ಕಣ್ಣೀರು ಹಾಕಿಸುವುದು ಬಹಳ ಸುಲಭ. ಇವರು ಆ ದಾರಿ ಹಿಡಿಯಲಿಲ್ಲ. ಸೇತುವೆ ಬೇಕಿತ್ತಾ ಅಂತ ಒಬ್ಬ ಹೆಂಗಸನ್ನು ಕೇಳುತ್ತಾರೆ. ಆಕೆ ಕ್ಯಾಮೆರಾ ಕಡೆ ನೋಡುವುದೂ ಇಲ್ಲ. "ರಾತ್ರಿ ಹೊಟ್ಟೆನೋವು ಬಂದರೆ ಬೆಳಗಾಗೋತನಕ ಕಾಯಬೇಕಿತ್ತು, ನೀವು ಕಾದಿದ್ರಾ?" ಅನ್ನುತ್ತಾಳೆ ಅಷ್ಟೆ. ಪ್ರವಾಸಕ್ಕೆ ಹೋಗಿ ಲಾಂಚ್ ಮೇಲೆ ಫೋಟೋ ತೆಗೆಸಿಕೊಂಡ ನಮ್ಮಂಥವರಿಗೆ ಅದು ಸರಿಯಾದ ಪೆಟ್ಟು. ಕೊನೆಯ ಎರಡು ನಿಮಿಷ ಕತ್ತರಿಸಬಹುದಿತ್ತು. ಸಿನಿಮಾ ಮುಗಿದ ಮೇಲೂ ಮುಗಿಯುತ್ತಾ ಹೋಗುತ್ತದೆ.

ಎರಡನೆಯದು ಮಂಗನ ಕಾಯಿಲೆಯ ಕಥೆ. 1957ರಲ್ಲಿ ಈ ರೋಗ ಮೊದಲು ಪತ್ತೆಯಾದದ್ದೇ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಪಟ್ಟ ಪಾಡು ಇಲ್ಲಿ ಕೂತ ಎಲ್ಲರಿಗೂ ನೆನಪಿದೆ. ಸಿನಿಮಾದಲ್ಲಿ ಒಬ್ಬ ಆಶಾ ಕಾರ್ಯಕರ್ತೆ ರೋಗ ಹರಡುವ ಉಣ್ಣೆ ಹುಳ ಹತ್ತದಂತೆ ಮೈಗೆ ಹಚ್ಚಿಕೊಳ್ಳುವ ಡಿಎಂಪಿ ಎಣ್ಣೆ ಬಾಟಲಿ ಹಿಡಿದು ಮನೆ ಮನೆ ತಿರುಗುತ್ತಾಳೆ. ಒಂದು ಮನೆಯಲ್ಲಿ ಕಾಫಿ ಕೊಡುತ್ತಾರೆ, ಎಣ್ಣೆ ತಗೊಳ್ಳುವುದಿಲ್ಲ. ಇನ್ನೊಂದು ಮನೆಯಲ್ಲಿ ಎಣ್ಣೆ ತಗೊಳ್ಳುತ್ತಾರೆ, ಒಳಗೆ ಕರೆಯುವುದಿಲ್ಲ. ಇಷ್ಟೇ ಕಥೆ. ಆದರೆ ಆ ಎರಡು ಮನೆಯ ನಡುವೆ ಇರುವುದನ್ನೆಲ್ಲ ಹೇಳಿಬಿಡುತ್ತದೆ. ಸತ್ತ ಮಂಗವನ್ನು ಎಲ್ಲೂ ತೋರಿಸುವುದಿಲ್ಲ. ಹಿತ್ತಿಲ ಕಡೆ ನಾಯಿ ಒಂದೇ ಸಮನೆ ಬೊಗಳುತ್ತದೆ, ಮನೆಯವರು ಮಾತು ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಹಾಲ್‌ನಲ್ಲಿ ಯಾರೂ ಮಿಸುಕಾಡಲಿಲ್ಲ. ಆಮೇಲೆ ಏನಾಯಿತೋ, ಕೊನೆಗೆ ಸ್ಲೋ ಮೋಷನ್, ಪಿಯಾನೋ, ಜಾಗೃತಿ ಸಂದೇಶ. ಯಾರೋ ಹಾಕಲೇಬೇಕು ಅಂತ ಹೇಳಿರಬೇಕು. ಪುಕ್ಕಟೆ ಸಿಗುವ ಆ ಪಿಯಾನೋ ಟ್ರ್ಯಾಕ್ ಈ ಎರಡು ದಿನದಲ್ಲಿ ಎಷ್ಟು ಸಿನಿಮಾದಲ್ಲಿ ಬಂತೋ ಲೆಕ್ಕ ಇಲ್ಲ.

ಇವೆರಡರ ಜೊತೆಗೆ ನೆಟ್‌ವರ್ಕ್ ಸಿಗದ ಊರಿನ ಒಂದು ಪುಟ್ಟ ಕಾಮಿಡಿ. ಭಟ್ಟರು ಬೆಂಗಳೂರಿನ ಯಜಮಾನರಿಗೆ ಫೋನಿನಲ್ಲೇ ಪೂಜೆ ಮಾಡಿಸಬೇಕು, ಸಿಗ್ನಲ್ ಸಿಗುವುದು ಗುಡ್ಡದ ಮೇಲಿನ ಒಂದು ಬಂಡೆಯ ಮೇಲೆ ಮಾತ್ರ. ಕೊಡೆ ಹಿಡಿಯುವವನು ಒಬ್ಬ, ಹೂವಿನ ತಟ್ಟೆ ಹಿಡಿಯುವವನು ಒಬ್ಬ. ಸಂಕಲ್ಪದ ನಡುವೆ ಕಾಲ್ ಕಟ್ ಆಗಿ, ಮತ್ತೆ ಸಿಕ್ಕಾಗ ಗೋತ್ರ ಬದಲಾಗಿರುತ್ತದೆ. ಮೇಷ್ಟ್ರು ಮಾಡಿದ ಸಿನಿಮಾ ಇದೇ. ಜನ ಬಿದ್ದು ಬಿದ್ದು ನಕ್ಕರು. ಕ್ಯಾಮೆರಾ ಕೆಲಸ ಸುಮಾರು, ಒಂದೆರಡು ಕಡೆ ಫೋಕಸ್ಸೇ ಇಲ್ಲ, ಆದರೆ ಮಾತು ಅಂದರೆ ಮಾತು! ಅದು ಇಲ್ಲೇ ಹುಟ್ಟಿ ಬೆಳೆದವರಿಗೆ ಬರೆಯಲು ಬರುವ ಮಾತು.

ಇಂಥ ಕಡೆ ಹೋಗುವುದೇ ಅದಕ್ಕೆ ಅಲ್ವಾ? ನನ್ನ ಹಿಂದಿನ ಸಾಲಿನಲ್ಲಿ ಇಬ್ಬರು ಹೆಂಗಸರು "ಇದು ಕೆಳಗಿನ ಮನೆ ಅಂಗ್ಳ ಅಲ್ದನೇ?" ಅಂತ ಮಾತಾಡಿಕೊಳ್ಳುತ್ತಿದ್ದರು. ಪರದೆ ಮೇಲೆ ಅಡಿಕೆ ಒಣಹಾಕಿದ ಅಂಗಳ ಅವರದ್ದೇ ಕೇರಿಯದ್ದು. ಆ ಸೀನಿನಲ್ಲಿ ಅಡಿಕೆ ಸುಲಿಯುವವಳು ಕತ್ತಿಯನ್ನು ತಪ್ಪು ಹಿಡಿದಿದ್ದಳಂತೆ, ಅದೂ ಅವರಿಗೆ ಗೊತ್ತಾಯಿತು.

ಸೋತದ್ದೂ ಬಹಳ ಇದೆ. ದೀವರ ಸಮುದಾಯದ ಹೆಂಗಸರು ಗೋಡೆ ಮೇಲೆ ಬರೆಯುವ ಹಸೆ ಚಿತ್ತಾರದ ಬಗ್ಗೆ ಮಾಡಿದ ಸಾಕ್ಷ್ಯಚಿತ್ರ ನೋಡಿ ನಿಜಕ್ಕೂ ಬೇಜಾರಾಯಿತು. ದೀವರ ಮನೆಯ ಕೆಮ್ಮಣ್ಣಿನ ಗೋಡೆ, ಪುಂಡಿ ನಾರಿನ ಕುಂಚ, ಅಕ್ಕಿ ಅರೆದು ಮಾಡುವ ಬಿಳಿ, ಸುಟ್ಟ ಅಕ್ಕಿಯ ಕಪ್ಪು. ಇಷ್ಟು ಚೆಂದದ ವಸ್ತು ಕೈಯಲ್ಲಿದೆ. ಇವರೋ ಡ್ರೋನ್ ಹಾರಿಸಿ ಮನೆಯ ಹೆಂಚು ತೋರಿಸುತ್ತಾ ಕೂತರು. ದಪ್ಪ ದನಿಯ ಒಬ್ಬರು "ನಮ್ಮ ಭವ್ಯ ಪರಂಪರೆ" ಅಂತ ಓದುತ್ತಲೇ ಇದ್ದರು. ಬರೆಯುವ ಅಮ್ಮನ ಕೈಯನ್ನು ಹತ್ತಿರದಿಂದ ತೋರಿಸಿದ್ದು ಎರಡೇ ಸೆಕೆಂಡು. ಗೆರೆ ಹೇಗೆ ನೇರ ಬರುತ್ತದೆ, ತಪ್ಪಿದರೆ ಏನು ಮಾಡುತ್ತಾರೆ, ಕಲಿಸಿದವರು ಯಾರು? ಒಂದೂ ಇಲ್ಲ. ಆಕೆ ಒಂದು ಮಾತೂ ಆಡುವುದಿಲ್ಲ.

ಡ್ರೋನ್ ವಿಷಯ ಬಂತು ಅಂತ ಹೇಳುತ್ತೇನೆ, ದಯವಿಟ್ಟು ಒಂದು ವರ್ಷ ಎಲ್ಲರೂ ಅದನ್ನು ಪೆಟ್ಟಿಗೆಯಲ್ಲಿಡಿ. ಮಲೆನಾಡು ಮೇಲಿಂದ ಹಸಿರಾಗಿದೆ. ಗೊತ್ತು.

2024ರಲ್ಲಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಲ್ಲಿ ಕಲಿತ ಚಿದಾನಂದ ನಾಯ್ಕ್ ಅವರ ಕನ್ನಡ ಕಿರುಚಿತ್ರ ಕಾನ್ ಉತ್ಸವದ ಲಾ ಸಿನೆಫ್ ವಿಭಾಗದಲ್ಲಿ ಮೊದಲ ಬಹುಮಾನ ಗೆದ್ದಿತಲ್ಲ, ಹುಂಜ ಕದ್ದ ಅಜ್ಜಿಯಿಂದ ಊರಿಗೆ ಬೆಳಗೇ ಆಗದ ಕಥೆ, ಅದರ ಗುಂಗು ಇನ್ನೂ ಇಳಿದಿಲ್ಲ. ಈ ಸಲ ಮೂರು ಸಿನಿಮಾಗಳಲ್ಲಿ ಅಜ್ಜಿಯಂದಿರು ಲಾಟೀನು ಹಿಡಿದು ಕತ್ತಲಲ್ಲಿ ನಡೆದರು. ಎಲ್ಲಿಗೆ ಅಂತ ಕೊನೆತನಕ ಗೊತ್ತಾಗಲಿಲ್ಲ. ಉಳಿದಂತೆ ಪರೀಕ್ಷೆ ಫೇಲಾಗಿ ಕೆರೆ ಕಡೆ ಹೋಗುವ ಹುಡುಗರು, ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಮಚ್ಚು ಹಿಡಿದು ಬೆಂಗಳೂರು ರೌಡಿ ಥರ ಮಾತಾಡುವವರು, ಒಂದು ದೆವ್ವ. ದೆವ್ವ ಪರವಾಗಿಲ್ಲ.

ಇನ್ನು ತೋರಿಸಿದ ರೀತಿ. ಇಲ್ಲೇ ನನ್ನ ತಕರಾರು ಜಾಸ್ತಿ.

ಹತ್ತು ಗಂಟೆಗೆ ಅಂತ ಕರಪತ್ರದಲ್ಲಿತ್ತು. ಮೊದಲ ಸಿನಿಮಾ ಶುರುವಾದಾಗ ಹನ್ನೆರಡು ದಾಟಿತ್ತು. ಪ್ರಾರ್ಥನೆ, ಸ್ವಾಗತ, ದೀಪ, ಪ್ರಾಸ್ತಾವಿಕ, ಶಾಲು, ಹಾರ, ಹಣ್ಣಿನ ಬುಟ್ಟಿ, ಮತ್ತೆ ಇನ್ನೊಬ್ಬರಿಗೆ ಶಾಲು. ಒಬ್ಬ ಅತಿಥಿಗಳು ಮೊಬೈಲ್‌ನಿಂದ ಯುವಜನ ಹಾಳಾಗುತ್ತಿರುವ ಬಗ್ಗೆ ಬಹಳ ಹೊತ್ತು ಮಾತಾಡಿದರು. ಎದುರಿಗೆ ಕೂತ ಅರ್ಧ ಜನ ಮೊಬೈಲ್‌ನಲ್ಲೇ ಸಿನಿಮಾ ತೆಗೆದು ತಂದಿದ್ದರು. ಮಾತು ಮುಗಿಸಿ ಅವರು ಒಂದೂ ಸಿನಿಮಾ ನೋಡದೆ ಹೊರಟರು. ಬೆಳಿಗ್ಗೆ ಹೋಗಬೇಡಿ ಅಂದದ್ದು ಇದಕ್ಕೇ.

ಸರಿ, ಸಿನಿಮಾ ಶುರುವಾಯಿತು. ಬಾಗಿಲ ಮೇಲಿನ ಟ್ಯೂಬ್‌ಲೈಟ್ ಆರಿಸಲಿಲ್ಲ, ಸ್ವಿಚ್ ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ. ಕತ್ತಲಲ್ಲಿ ತೆಗೆದ ಸೀನುಗಳೆಲ್ಲ ಬೂದಿ ಬಣ್ಣಕ್ಕೆ ತಿರುಗಿದವು. ಒಂದು ಸಿನಿಮಾವನ್ನು ಸ್ಕೋಪ್‌ನಲ್ಲಿ, ಅಂದರೆ 2.39ಕ್ಕೆ 1ರ ಅಗಲದ ಅಳತೆಯಲ್ಲಿ ತೆಗೆದಿದ್ದರು. ಅದಕ್ಕೆ ಮೇಲೆ ಕೆಳಗೆ ಕಪ್ಪು ಪಟ್ಟಿ ಬರಲೇಬೇಕು. ಲ್ಯಾಪ್‌ಟಾಪ್ ಮುಂದೆ ಕೂತ ಹುಡುಗ ಪರದೆ ತುಂಬಲಿ ಅಂತ ಎಳೆದುಬಿಟ್ಟ, ಎಲ್ಲರ ಮುಖವೂ ಸೌತೆಕಾಯಿ ಥರ ಉದ್ದ. ಮಾಡಿದ ಹುಡುಗಿ ಹಿಂದಿನಿಂದ ಓಡಿ ಬರುವಷ್ಟರಲ್ಲಿ ಅರ್ಧ ಮುಗಿದಿತ್ತು. ಇನ್ನೊಂದರ ಧ್ವನಿ ಎಡಗಡೆ ಸ್ಪೀಕರಿನಲ್ಲಿ ಮಾತ್ರ. ಒಂದು ಸಿನಿಮಾದಲ್ಲಿ ಪಿಸುಮಾತೂ ಕೇಳದು, ಮುಂದಿನದು ಶುರುವಾದ ಕೂಡಲೇ ಕಿವಿ ಮುಚ್ಚಿಕೊಳ್ಳಬೇಕು. ಭಾವುಕ ಸೀನಿನ ನಡುವೆ ವಿಂಡೋಸ್ ಅಪ್‌ಡೇಟ್ ಮಾಡಲಾ ಅಂತ ಕೇಳಿತು.

ಇದಕ್ಕೆಲ್ಲ ದುಡ್ಡು ಬೇಕಿಲ್ಲ. ಥಿಯೇಟರ್‌ಗೆ ಕೊಡುವಂತೆ ಡಿಸಿಪಿ, ಅಂದರೆ ಡಿಜಿಟಲ್ ಸಿನಿಮಾ ಪ್ಯಾಕೇಜ್, ಮಾಡಿಸಿ ತನ್ನಿ ಅಂತ ಯಾರೂ ಹೇಳುತ್ತಿಲ್ಲ, ಈ ಹಾಲ್‌ಗೆ ಒಳ್ಳೆ ಎಂಪಿ4 ಫೈಲ್ ಸಾಕು. ವಾರ ಮೊದಲೇ ಫೈಲ್ ತರಿಸಿಕೊಳ್ಳಿ. ಹಿಂದಿನ ದಿನ ಅದೇ ಹಾಲ್, ಅದೇ ಪ್ರೊಜೆಕ್ಟರ್, ಅದೇ ಸ್ಪೀಕರಿನಲ್ಲಿ ಪ್ರತಿಯೊಂದನ್ನೂ ಎರಡು ನಿಮಿಷ ಹಾಕಿ ನೋಡಿ, ಯಾವುದಕ್ಕೆ ವಾಲ್ಯೂಮ್ ಎಷ್ಟು ಅಂತ ಒಂದು ಹಾಳೆಯಲ್ಲಿ ಬರೆದಿಡಿ. ಇಂಟರ್‌ನೆಟ್ ಬಂದ್ ಮಾಡಿ. ಮುಗೀತು. ಈ ಹುಡುಗರು ಮಳೆಯಲ್ಲಿ ನೆನೆದು, ಮನೆಯವರ ಹತ್ತಿರ ಬೈಸಿಕೊಂಡು, ಸಾಲ ಮಾಡಿ ಮೈಕ್ ಬಾಡಿಗೆಗೆ ತಂದು ಧ್ವನಿ ಹಿಡಿದಿರುತ್ತಾರೆ. ತಮ್ಮ ಸಿನಿಮಾವನ್ನು ದೊಡ್ಡ ಪರದೆಯಲ್ಲಿ ನೋಡುವುದು ಬಹುಶಃ ಅದೊಂದೇ ಸಲ.

ಎಲ್ಲಕ್ಕಿಂತ ಸಿಟ್ಟು ಬಂದದ್ದು ಸಂವಾದದ ಹೊತ್ತಿಗೆ. ಲಾಂಚ್ ಸಿನಿಮಾ ಮುಗಿದ ಮೇಲೆ ಒಬ್ಬ ಹಿರಿಯರು ಎದ್ದು ನಿಂತರು. ಲಿಂಗನಮಕ್ಕಿಗೂ ಮೊದಲು ಹಿರೇಭಾಸ್ಕರ ಅಣೆಕಟ್ಟು ಇತ್ತು, ಅದರಲ್ಲಿ ಒಮ್ಮೆ ಜಾಗ ಬಿಟ್ಟು ಎದ್ದು ಬಂದವರು ಲಿಂಗನಮಕ್ಕಿಗೆ ಮತ್ತೆ ಏಳಬೇಕಾಯಿತು, ಆ ಹಳೇ ಅಣೆಕಟ್ಟೇ ಈಗ ನೀರಿನಡಿ ಇದೆ, ನೀರು ಇಳಿದಾಗ ಕಾಣುತ್ತದೆ, ನಿಮ್ಮ ಸಿನಿಮಾದಲ್ಲಿ ಅದು ಯಾಕೆ ಬರಲಿಲ್ಲ ಅಂತ ಕೇಳಿದರು. ಅವರ ಮನೆಯವರೇ ಹಾಗೆ ಎದ್ದವರಂತೆ. ಮಾಡಿದ ಹುಡುಗ ನೋಟ್‌ಬುಕ್ ತೆಗೆದು ಬರೆದುಕೊಳ್ಳತೊಡಗಿದ. ಇಡೀ ಹಾಲ್ ಕಿವಿಗೊಟ್ಟು ಕೂತಿತ್ತು. ಆಗ ನಿರೂಪಕರು "ಸಮಯದ ಅಭಾವದಿಂದ" ಅಂತ ಮೈಕ್ ಇಸಿದುಕೊಂಡರು. ಯಾಕೆ? ಪ್ರಮಾಣಪತ್ರ ಹಂಚಬೇಕಿತ್ತು! ಹಂಚಿದರು, ಗ್ರೂಪ್ ಫೋಟೋ ಆಯಿತು. ಆ ಹಿರಿಯರು ಕೊಡೆ ತಗೊಂಡು ಹೊರಗೆ ಹೋದರು. ಹುಡುಗ ಪ್ರಮಾಣಪತ್ರ ಬಿಟ್ಟು ಅವರ ಹಿಂದೆ ಓಡಿದ. ನನ್ನ ಪ್ರಕಾರ ಆ ದಿನದ ಬಹುಮಾನ ಅವನಿಗೇ ಹೋಗಬೇಕಿತ್ತು, ಹೋಗಿದ್ದು ಹಸೆ ಚಿತ್ತಾರದ ಡ್ರೋನ್‌ಗೆ.

ಉಳಿದ ವ್ಯವಸ್ಥೆ ಚೆನ್ನಾಗಿದೆ. ಶುಂಠಿ ಕಷಾಯ ಎಷ್ಟು ಸಲ ಕೇಳಿದರೂ ಕೊಟ್ಟರು, ಮಂಡಕ್ಕಿ ಖಾರ ಸರಿಯಾಗಿತ್ತು. ಶೌಚಾಲಯ ಶುಚಿ. ಸ್ವಯಂಸೇವಕ ಹುಡುಗಿಯರು ಲವಲವಿಕೆಯಿಂದ ಓಡಾಡುತ್ತಿದ್ದರು, ವಯಸ್ಸಾದವರನ್ನು ಕೈ ಹಿಡಿದು ಮುಂದಿನ ಸಾಲಿಗೆ ಕರೆದುಕೊಂಡು ಹೋಗಿ ಕೂರಿಸಿದರು. ಕುರ್ಚಿ ಮಾತ್ರ ಪ್ಲಾಸ್ಟಿಕ್‌ನದ್ದು, ಎರಡು ಗಂಟೆ ಮೇಲೆ ಸೊಂಟ ಮಾತಾಡುತ್ತದೆ.

ಮುಂದಿನ ಸಲ ಒಂದೇ ದಿನ ಬಿಡುವಿದೆ ಅನ್ನುವವರು ಎರಡನೇ ದಿನದ ಮಧ್ಯಾಹ್ನ ನೋಡಿಕೊಂಡು ಹೋಗಿ. ಉದ್ಘಾಟನೆ ಇರುವುದಿಲ್ಲ, ಲ್ಯಾಪ್‌ಟಾಪ್ ಹುಡುಗನಿಗೂ ಅಷ್ಟೊತ್ತಿಗೆ ಕೈ ಪಳಗಿರುತ್ತದೆ. ಕೂರುವುದಾದರೆ ಬಲಗಡೆ ಬೇಡ, ಆ ಸ್ಪೀಕರ್ ಯಾವಾಗ ಕೈಕೊಡುತ್ತದೋ ಹೇಳಲಾಗದು. ಆಯೋಜಕರಿಗೆ ಒಂದೇ ಕೋರಿಕೆ. ಹಾಲ್‌ಗೆ ತಗಡಿನ ಶೀಟ್ ಹೊದಿಸಿದೆ, ಜೋರು ಮಳೆ ಬಂದರೆ ನಾಯಿ ಬೊಗಳಿದ್ದೂ ಕೇಳಿಸುವುದಿಲ್ಲ. ಮುಂದಿನ ಸಲ ಡಿಸೆಂಬರ್‌ನಲ್ಲಿ ಇಡಿ ಸಾರ್, ಇಲ್ಲಾಂದ್ರೆ ಹೆಂಚಿನ ಹಾಲ್ ಆದರೂ ಹುಡುಕಿ.