ಗ್ರಹಗಳ ವಿಡಿಯೊಗೆ ಎಎಸ್‌ಐ224ಎಂಸಿ: ಕೊಳ್ಳುವ ಮುನ್ನ

ಗುರು, ಶನಿಯನ್ನು ಹಿಡಿಯಲು ಮೆಗಾಪಿಕ್ಸೆಲ್ ಲೆಕ್ಕ ಹಾಕುತ್ತ ಕೂರಬೇಡಿ. ಝಡ್‌ಡಬ್ಲ್ಯೂಒ ಕಂಪನಿಯ ಎಎಸ್‌ಐ224ಎಂಸಿ ಎಂಬ, ಟೆಲಿಸ್ಕೋಪಿಗೆ ಜೋಡಿಸುವ ಈ ಬಣ್ಣದ ಕ್ಯಾಮೆರಾದಲ್ಲಿರುವುದು ಬರೀ 1304×976 ಪಿಕ್ಸೆಲ್. ಆದರೂ 8 ಇಂಚಿನ ಎಫ್/10 (ಫೋಕಲ್ ಉದ್ದ ವ್ಯಾಸದ ಹತ್ತು ಪಟ್ಟು) ಟೆಲಿಸ್ಕೋಪಿಗೆ 2ಎಕ್ಸ್ ಬಾರ್ಲೋ, ಅಂದರೆ ಚಿತ್ರವನ್ನು ಎರಡು ಪಟ್ಟು ಹಿಗ್ಗಿಸುವ ಮಸೂರ ಸೇರಿಸಿದರೆ, ಹತ್ತಿರ ಬಂದ ಗುರು ಸುಮಾರು 230 ಪಿಕ್ಸೆಲ್ ಅಗಲ ಕಾಣುತ್ತಾನೆ; ಜಾಗ ಇನ್ನೂ ಉಳಿಯುತ್ತದೆ.

ಬಲವೆಲ್ಲ ಸೋನಿ ಐಎಂಎಕ್ಸ್224 ಸೆನ್ಸರಿನದು. ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ಏರಿಸಿದಾಗ ರೀಡ್ ನಾಯ್ಸ್, ಅಂದರೆ ಸೆನ್ಸರ್ ಓದುವಾಗ ಸೇರುವ ಗದ್ದಲ, ತೀರಾ ಕಡಿಮೆ; ಹಾಗಾಗಿ ಪ್ರತಿ ಫ್ರೇಮಿನ ಎಕ್ಸ್‌ಪೋಷರ್ 10 ಮಿಲಿಸೆಕೆಂಡಿನ ಆಸುಪಾಸಿಗೆ ಇಳಿಸಬಹುದು. ಗಾಳಿಯ ನಡುಕ ನಿಲ್ಲುವ ಆ ಒಂದು ಚಣ ಸಿಗುವುದು ಹೀಗೆಯೇ. ಯುಎಸ್‌ಬಿ 3 ಪೋರ್ಟಿಗೇ ಚುಚ್ಚಿ. ಪೂರ್ತಿ ಫ್ರೇಮಿನಲ್ಲಿ, 8 ಬಿಟ್‌ನಲ್ಲಿ, 100 ಎಫ್‌ಪಿಎಸ್ (ಸೆಕೆಂಡಿಗೆ 100 ಫ್ರೇಮ್) ಎಂದರೆ ಸೆಕೆಂಡಿಗೆ 127 ಎಂಬಿ. ಹಳೆಯ ಹಾರ್ಡ್‌ಡಿಸ್ಕ್ ಏದುಸಿರು ಬಿಟ್ಟು ಫ್ರೇಮ್ ಕೈಬಿಡುತ್ತದೆ. ರೆಕಾರ್ಡಿಂಗ್ ತಂತ್ರಾಂಶ ಶಾರ್ಪ್‌ಕ್ಯಾಪ್‌ನಲ್ಲಿ ಫ್ರೇಮನ್ನು 640×480ಕ್ಕೆ ಇಳಿಸಿ, ಎಸ್‌ಇಆರ್ ಎಂಬ ವಿಡಿಯೊ ಫೈಲಾಗಿ 2 ನಿಮಿಷ ತೆಗೆಯಿರಿ. ತೀರಾ ಉದ್ದವಾದರೆ ಗುರು ತಿರುಗಿ ಪಟ್ಟಿಗಳ ವಿವರ ಕಲಸಿಹೋಗುತ್ತದೆ.

ಒಂದು ಕೊರತೆ: ಮುಂದಿನ ಗಾಜು ಇನ್‌ಫ್ರಾರೆಡ್ ತಡೆಯುವುದಿಲ್ಲ. ಅತಿನೇರಳೆ, ಇನ್‌ಫ್ರಾರೆಡ್ ಎರಡನ್ನೂ ತಡೆಯುವ 1.25 ಇಂಚಿನ ಯುವಿ-ಐಆರ್ ಕಟ್ ಫಿಲ್ಟರ್ ಬೇರೆಯಾಗಿ ಕೊಳ್ಳಲೇಬೇಕು, ಇಲ್ಲದಿದ್ದರೆ ಬಣ್ಣ ಕೆಡುತ್ತದೆ. ಇದೇ ಟೆಲಿಸ್ಕೋಪಿನಲ್ಲಿ ಬಾರ್ಲೋ ತೆಗೆದರೂ ಚಂದ್ರ ಪೂರ್ತಿ ಒಂದೇ ಫ್ರೇಮಿನೊಳಗೆ ಹಿಡಿಯುವುದಿಲ್ಲ. ತುಂಡು ತುಂಡು ತೆಗೆದು ಜೋಡಿಸಬೇಕು. ನೆಬ್ಯುಲಾಗಳ (ನೀಹಾರಿಕೆಗಳ) ಚಿತ್ರದ ಆಸೆಯಿದ್ದರೆ, ಸೆನ್ಸರನ್ನು ತಂಪಾಗಿಡುವ ಕೂಲಿಂಗ್ ಇರುವ ದೊಡ್ಡ ಸೆನ್ಸರ್ ನೋಡಿ.